ತೂಬಿನ ಕೆಳಗೆ ಹತ್ತು ವರ್ಷದ ಸಾವಯವ ತಾಕು ಬೇಕು

ಮಾನ್ಯ ಸಂಪಾದಕರೇ,

ಕೃಷಿ ಮೇಳಗಳಲ್ಲಿ ದೇಸಿ ಭತ್ತದ ತೆನೆಗಳನ್ನು ಗೊಂಚಲು ಕಟ್ಟಿ, ಒಂದೊಂದಕ್ಕೂ ಹೆಸರಿನ ಚೀಟಿ ಅಂಟಿಸಿ ತೂಗುಹಾಕುವುದು ಈಗ ವಾಡಿಕೆಯಾಗಿದೆ. ಹೋದ ವರ್ಷ ಅಂತಹ ಮಳಿಗೆಯೊಂದರ ಮುಂದೆ ನಿಂತು, ರತ್ನಚೂಡಿಯ ಬಿತ್ತನೆ ಬೀಜ ಐದು ಕಿಲೋ ಬೇಕಿತ್ತು ಎಂದು ಕೇಳಿದೆ. ಅಲ್ಲಿದ್ದ ಹುಡುಗರು ಮರ್ಯಾದೆಯಿಂದಲೇ, ‘ಇದು ಪ್ರದರ್ಶನಕ್ಕೆ ಮಾತ್ರ ಸಾರ್’ ಎಂದು ಹೇಳಿ, ಸಾವಯವ ಕೃಷಿಯ ಮಹತ್ವ ಕುರಿತ ಕರಪತ್ರವನ್ನು ಕೈಗಿಟ್ಟರು. ಅದರಲ್ಲಿ ಸಗಣಿ, ಗಂಜಲ, ಬೆಲ್ಲ ಕಲಸಿ ಜೀವಾಮೃತ ತಯಾರಿಸುವ ವಿಧಾನವಿತ್ತು. ಇದೇ ವಿಧಾನವನ್ನು ಹೇಳುವ ಆರು ಕರಪತ್ರಗಳು ನನ್ನ ಮನೆಯಲ್ಲಿ ಮೊದಲೇ ಇದ್ದವು, ಇದು ಏಳನೆಯದಾಯಿತು.

ನಾನು ಮದ್ದೂರು ತಾಲ್ಲೂಕಿನವನು, ಪ್ರಾಥಮಿಕ ಶಾಲೆಯ ಮೇಷ್ಟ್ರಾಗಿದ್ದು ನಿವೃತ್ತನಾದವನು. ವಿಶ್ವೇಶ್ವರಯ್ಯ ನಾಲೆಯ ಉಪನಾಲೆಯೊಂದರ ಕೊನೆ ಭಾಗದಲ್ಲಿ ನನಗೆ ಮೂರು ಎಕರೆ ಗದ್ದೆ ಇದೆ. ಅದರಲ್ಲಿ ಒಂದು ಎಕರೆಗೆ ಎಂಟು ವರ್ಷದಿಂದ ರಸಗೊಬ್ಬರವನ್ನಾಗಲೀ ಕೀಟನಾಶಕವನ್ನಾಗಲೀ ಹಾಕಿಲ್ಲ. ಉಳಿದ ಎರಡು ಎಕರೆಗೆ ಹಾಕುತ್ತೇನೆ. ಅದನ್ನು ಮುಚ್ಚಿಡುವ ಅಗತ್ಯವೂ ಇಲ್ಲ. ಎರಡೂ ಬಗೆಯ ಬೇಸಾಯವನ್ನು ಒಂದೇ ಬದುವಿನ ಆಚೆ ಈಚೆ ನಡೆಸುತ್ತಿರುವವನಾಗಿ, ಸಾವಯವ ಕೃಷಿಯ ಸಂಶೋಧನೆಯೂ ತಳಿ ಸಂರಕ್ಷಣೆಯೂ ರೈತರಿಗೆ ಮಾಹಿತಿ ತಲುಪಿಸುವ ಕೆಲಸವೂ ನಮ್ಮ ನಾಲೆ ಬಯಲಿನಲ್ಲಿ ಎಲ್ಲಿ ಕೊಂಡಿ ಕಳಚಿಕೊಂಡಿವೆ ಎಂಬುದನ್ನು ತಮ್ಮ ಪತ್ರಿಕೆಯ ಮೂಲಕ ಹೇಳಬಯಸುತ್ತೇನೆ.

ಹೊರಗಿನವರಿಗೆ ಮೊದಲು ನಮ್ಮ ನೀರಿನ ದಾರಿಯನ್ನು ಬಿಡಿಸಿ ಹೇಳಬೇಕು. ಕೊಳವೆ ಬಾವಿಯ ತೋಟದ ಹಾಗೆ ಇಲ್ಲಿ ಒಬ್ಬೊಬ್ಬನ ಗದ್ದೆಗೂ ಬೇರೆ ಬೇರೆ ನೀರು ಬರುವುದಿಲ್ಲ. ತೂಬಿನಿಂದ, ಅಂದರೆ ನಾಲೆಯಿಂದ ಗದ್ದೆ ಬಯಲಿಗೆ ನೀರು ಬಿಡುವ ಕಿಂಡಿಯಿಂದ, ಬಿಟ್ಟ ನೀರು ಕಾಲುವೆಯಲ್ಲಿ ಸ್ವಲ್ಪ ದೂರ ಹರಿದು, ಅಲ್ಲಿಂದ ಮುಂದೆ ಮೇಲಿನ ಗದ್ದೆಯನ್ನು ತುಂಬಿ, ಬದುವಿನಲ್ಲಿ ಬಿಟ್ಟ ಕಂಡಿಯಿಂದ ಕೆಳಗಿನ ಗದ್ದೆಗೆ, ಅಲ್ಲಿಂದ ಅದರ ಕೆಳಗಿನದಕ್ಕೆ ಇಳಿಯುತ್ತಾ ಹೋಗುತ್ತದೆ. ಆದ್ದರಿಂದ ಮೇಲಿನವರು ಏನು ಹಾಕುತ್ತಾರೋ ಅದರಲ್ಲಿ ಒಂದು ಪಾಲು, ಬೇಡವೆಂದರೂ ಕೆಳಗಿನವನಿಗೆ ಸೇರುತ್ತದೆ. ನಾನು ಸಾವಯವ ಪದ್ಧತಿ ಹಿಡಿದ ಎರಡನೆಯ ವರ್ಷ ರಾಜಮುಡಿ ನಾಟಿ ಮಾಡಿದ್ದೆ. ಮೈಸೂರು ಅರಸರ ಅಡುಗೆಮನೆಗೆ ಹೋಗುತ್ತಿತ್ತೆಂದು ಹೆಸರಾದ ಈ ಅಕ್ಕಿಯ ಪೈರು ಎತ್ತರಕ್ಕೆ ಬೆಳೆಯುತ್ತದೆ. ಸಾರಜನಕ ಹೆಚ್ಚಾದರೆ ಬುಡ ತಡೆಯುವುದಿಲ್ಲ. ಮೇಲಿನ ಗದ್ದೆಯವರು ಯೂರಿಯಾ ಎರಚಿದ ಮರುದಿನವೇ ಸರದಿಯ ಮೇಲೆ ಬಿಡುವ ಕಟ್ಟು ನೀರು ಬಂತು, ಅವರ ಗದ್ದೆಯಿಂದ ನನ್ನ ಗದ್ದೆಗೆ ಇಳಿಯಿತು, ನನ್ನ ಪೈರು ವಾರದೊಳಗೆ ಕಡು ಹಸಿರಿಗೆ ತಿರುಗಿತು, ತೆನೆ ಬಂದ ಮೇಲೆ ಒಂದೇ ಮಳೆಗಾಳಿಗೆ ಅರ್ಧ ಗದ್ದೆ ನೆಲಕ್ಕೆ ಮಲಗಿತು. ಅವರ ತಪ್ಪೇನೂ ಇಲ್ಲ. ಅವರು ತಮ್ಮ ಗದ್ದೆಗೆ ತಮ್ಮ ಗೊಬ್ಬರ ಹಾಕಿದರು. ನೀರು ತನ್ನ ದಾರಿಯಲ್ಲಿ ಬಂತು.

ಹೀಗಿರುವಾಗ ಒಬ್ಬ ರೈತನನ್ನು, ಒಂದು ಸರ್ವೆ ನಂಬರನ್ನು ಹಿಡಿದು ನಡೆಸುವ ಸಾವಯವ ಕಾರ್ಯಕ್ರಮ ನಾಲೆ ಬಯಲಿನಲ್ಲಿ ನಿಲ್ಲುವುದು ಕಷ್ಟ. ಬೆಳೆ ಸಾವಯವವೆಂದು ಪ್ರಮಾಣಪತ್ರ ಕೊಡುವ ದೃಢೀಕರಣದ ನಿಯಮಗಳನ್ನೇ ನೋಡಿ. ರಾಷ್ಟ್ರೀಯ ಸಾವಯವ ಉತ್ಪಾದನಾ ಕಾರ್ಯಕ್ರಮದಂತೆ ವಾರ್ಷಿಕ ಬೆಳೆಗೆ ಬಿತ್ತನೆಗೆ ಮುಂಚಿನ 2 ವರ್ಷ, ಬಹುವಾರ್ಷಿಕ ಬೆಳೆಗೆ ಕೊಯ್ಲಿಗೆ ಮುಂಚಿನ 3 ವರ್ಷ ಪರಿವರ್ತನೆಯ ಅವಧಿ. ಅದರ ಜೊತೆಗೆ ಪಕ್ಕದ ಜಮೀನಿನಿಂದ ರಾಸಾಯನಿಕ ಹರಿದು ಬಾರದಂತೆ ತಡೆಯೂ ಇರಬೇಕು. ರೈತರು ಗುಂಪು ಕಟ್ಟಿಕೊಂಡು ಒಬ್ಬರ ಹೊಲವನ್ನು ಇನ್ನೊಬ್ಬರು ಪರಿಶೀಲಿಸಿ ದೃಢೀಕರಿಸುವ ಪಿಜಿಎಸ್ ಪದ್ಧತಿ ಖರ್ಚಿನ ಮಟ್ಟಿಗೆ ನಮ್ಮಂಥವರಿಗೆ ಅನುಕೂಲವೇ. ಕನಿಷ್ಠ 5 ಜನ ಸೇರಿದರೆ ಸಾಕು. ಆದರೆ ಆ ಐವರು ಊರಿನ ಐದು ದಿಕ್ಕಿನಲ್ಲಿ ಗದ್ದೆ ಇಟ್ಟುಕೊಂಡಿದ್ದರೆ, ಐವರ ಗದ್ದೆಗೂ ಬೇರೆಯವರ ಯೂರಿಯಾ ನೀರೇ ಬರುತ್ತದೆ. ಆದ್ದರಿಂದ ನನ್ನ ಕೋರಿಕೆ ಇಷ್ಟೇ: ಕಾವೇರಿ ಬಯಲಿನ ಸಾವಯವ ಸಂಶೋಧನೆಗೂ ಪ್ರಚಾರಕ್ಕೂ ಊರನ್ನಾಗಲೀ ರೈತನನ್ನಾಗಲೀ ಘಟಕವಾಗಿ ಹಿಡಿಯದೆ ತೂಬನ್ನು ಹಿಡಿಯಬೇಕು. ಯಾವುದಾದರೂ ಒಂದು ಚಿಕ್ಕ ತೂಬಿನ ಕೆಳಗಿನ ರೈತರನ್ನೆಲ್ಲ, ನೀರು ಬಳಕೆದಾರರ ಸಹಕಾರ ಸಂಘದ ಮೂಲಕವೇ, ಒಟ್ಟಿಗೆ ಕೂರಿಸಿ, ಅಲ್ಲಿಯೇ ಹತ್ತು ವರ್ಷದ ಪ್ರಯೋಗವನ್ನು ನಡೆಸಿ, ಅದರ ಲೆಕ್ಕವನ್ನು ವರ್ಷ ವರ್ಷವೂ ಕನ್ನಡದಲ್ಲಿ ಪ್ರಕಟಿಸಬೇಕು.

ಹತ್ತು ವರ್ಷವೆಂದರೆ ದೀರ್ಘವಾಯಿತೆಂದು ಕೆಲವರಿಗೆ ತೋರಬಹುದು. ಮಣ್ಣಿನ ವಿಚಾರದಲ್ಲಿ ಅದು ಕಡಿಮೆಯೇ. ಇಂಗ್ಲೆಂಡಿನ ರೊಥಾಮ್‌ಸ್ಟೆಡ್‌ನಲ್ಲಿ 1843ರಲ್ಲಿ ಆರಂಭಿಸಿದ ಗೋಧಿಯ ತಾಕುಗಳಲ್ಲಿ, ಒಂದಕ್ಕೆ ಏನೂ ಹಾಕದೆ, ಇನ್ನೊಂದಕ್ಕೆ ಕೊಟ್ಟಿಗೆ ಗೊಬ್ಬರ ಹಾಕಿ, ಮತ್ತೆ ಕೆಲವಕ್ಕೆ ಬಗೆಬಗೆಯ ರಸಗೊಬ್ಬರ ಹಾಕಿ ಇಂದಿಗೂ ಲೆಕ್ಕ ಇಡುತ್ತಿದ್ದಾರೆ. ಅಷ್ಟು ದೂರ ಹೋಗಬೇಕಾಗಿಲ್ಲ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ಖುಷ್ಕಿ, ಅಂದರೆ ಮಳೆಯಾಶ್ರಿತ ರಾಗಿಯ ಮೇಲೆ ಇಂತಹ ಶಾಶ್ವತ ಪ್ರಯೋಗ 1978ರಿಂದ ನಡೆದಿದೆ. ಕೊಟ್ಟಿಗೆ ಗೊಬ್ಬರ ಮತ್ತು ಶಿಫಾರಸಿನ ರಸಗೊಬ್ಬರ ಎರಡನ್ನೂ ಸೇರಿಸಿ ಕೊಟ್ಟ ತಾಕುಗಳೇ ವರ್ಷಗಟ್ಟಲೆ ಸ್ಥಿರವಾದ ಇಳುವರಿಯಲ್ಲಿ ಮುಂದಿವೆ ಎಂಬುದು ಅದರಿಂದ ತಿಳಿದುಬಂದ ಸಂಗತಿ. ಸಾವಯವದ ಕಡೆಗಿರುವ ನನಗೆ ಇದು ಪೂರಾ ಹಿತವಾದ ಫಲಿತಾಂಶವಲ್ಲ. ಆದರೂ ಅದನ್ನು ನಂಬುತ್ತೇನೆ, ಏಕೆಂದರೆ ಅದರ ಹಿಂದೆ ನಲವತ್ತಕ್ಕೂ ಹೆಚ್ಚು ಬೆಳೆಗಳ ಲೆಕ್ಕವಿದೆ. ನಾಲೆ ನೀರಿನ ಭತ್ತ, ಕಬ್ಬು, ಕಡಿದ ಬುಡದಿಂದಲೇ ಮತ್ತೆ ಚಿಗುರುವ ಕೂಳೆ ಕಬ್ಬು ಎಂಬ ನಮ್ಮ ಸರದಿಗೆ, ಅದೂ ಚೌಳು ಹಿಡಿದ ಕೊನೆ ಭಾಗದ ಮಣ್ಣಿಗೆ, ಅಂತಹ ಲೆಕ್ಕ ನನ್ನ ಕೈಗೆ ಇದುವರೆಗೆ ಬಂದಿಲ್ಲ. ಬಂದಿರುವುದು ಕರಪತ್ರಗಳು.

ಅವಸರ ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಶ್ರೀಲಂಕಾ ಇದೆ. 2021ರ ಏಪ್ರಿಲ್‌ನಲ್ಲಿ ಸಾವಯವಕ್ಕೆ ಹೊರಳುವ ಹೆಸರಿನಲ್ಲಿ ರಸಗೊಬ್ಬರದ ಆಮದನ್ನು ಒಮ್ಮೆಲೇ ನಿಲ್ಲಿಸುವ ನಿರ್ಧಾರ ಮಾಡಿ, ನವೆಂಬರ್ ಹೊತ್ತಿಗೆ ಹಿಂದೆ ಸರಿಯಬೇಕಾಯಿತು.

ತರಬೇತಿ ಶಿಬಿರವೊಂದರಲ್ಲಿ ನಾನು ಕೇಳಿದ ಪ್ರಶ್ನೆಯೂ ಇದೇ ಆಗಿತ್ತು. ರಸಗೊಬ್ಬರ ನಿಲ್ಲಿಸಿದ ಮೊದಲ ಮೂರು ವರ್ಷ ಇಳುವರಿ ಎಷ್ಟು ಇಳಿಯುತ್ತದೆ, ಎಷ್ಟನೆಯ ವರ್ಷ ಚೇತರಿಸಿಕೊಳ್ಳುತ್ತದೆ? ‘ನಂಬಿಕೆಯಿಂದ ಮಾಡಿ, ಭೂತಾಯಿ ಕೈಬಿಡುವುದಿಲ್ಲ’ ಎಂಬ ಉತ್ತರ ಬಂತು. ಭೂತಾಯಿಯ ಮೇಲೆ ನನಗೂ ಭಕ್ತಿ ಇದೆ, ಆದರೆ ಸಹಕಾರ ಸಂಘದ ಸಾಲದ ಕಂತು ಆ ಭಕ್ತಿಯನ್ನು ಕೇಳುವುದಿಲ್ಲ. ನನ್ನ ಒಂದು ಎಕರೆಯ ಲೆಕ್ಕವನ್ನು ನಾನೇ ಹೇಳಿಬಿಡುತ್ತೇನೆ. ಮೊದಲು ಎಂಟಿಯು-1001 ಎಂಬ ಸುಧಾರಿತ ಭತ್ತದ ತಳಿ ಹಾಕಿದಾಗ 22 ಕ್ವಿಂಟಲ್ ಬರುತ್ತಿದ್ದ ಗದ್ದೆಯಲ್ಲಿ ಸಾವಯವದ ಮೊದಲ ವರ್ಷ 13 ಕ್ವಿಂಟಲ್ ಬಂತು, ಪೈರು ಮಲಗಿದ ಎರಡನೆಯ ವರ್ಷ 9, ಮೂರನೆಯ ವರ್ಷ 12, ಐದನೆಯ ವರ್ಷದಿಂದೀಚೆಗೆ 15ರ ಆಸುಪಾಸು. ಕನ್ನಂಬಾಡಿ ಕಟ್ಟೆ ತುಂಬದ 2023ರಲ್ಲಿ ಮಾತ್ರ, ಐದು ತಿಂಗಳು ತೆಗೆದುಕೊಳ್ಳುವ ರಾಜಮುಡಿಗೆ ಕೊನೆಯ ನೀರು ಸಿಗದೆ ಬಹುಪಾಲು ಜೊಳ್ಳಾಯಿತು. ಅಲ್ಪಾವಧಿ ತಳಿ ಹಾಕಿದವರು ಅಷ್ಟೋ ಇಷ್ಟೋ ಕೈಗೆ ತೆಗೆದರು. ಅಕ್ಕಿಗೆ ಮೈಸೂರಿನ ಗಿರಾಕಿಗಳಿಂದ ಒಳ್ಳೆಯ ಬೆಲೆ ಸಿಗುವುದರಿಂದಲೂ, ಔಷಧಿ ಮತ್ತು ಗೊಬ್ಬರದ ಖರ್ಚು ಇಳಿದುದರಿಂದಲೂ ಈಗ ನನಗೆ ನಷ್ಟವಿಲ್ಲ. ಆದರೆ ಮೊದಲ ಮೂರು ವರ್ಷವನ್ನು ನನ್ನ ಪಿಂಚಣಿ ದಾಟಿಸಿತೇ ಹೊರತು ಬೇಸಾಯವಲ್ಲ. ಪಿಂಚಣಿ ಇಲ್ಲದ ಪಕ್ಕದ ಗದ್ದೆಯವರಿಗೆ ನಾನು ಯಾವ ಮುಖದಿಂದ ನೀವೂ ಮಾಡಿ ಎನ್ನಲಿ?

ಗೊಬ್ಬರದ ವಿಷಯದಲ್ಲೂ ಇಂತಹದೇ ಬಿಚ್ಚು ಲೆಕ್ಕ ಬೇಕು. ನೀರಾವರಿ ಭತ್ತಕ್ಕೆ ನಮ್ಮ ವಲಯದ ಶಿಫಾರಸು ಹೆಕ್ಟೇರಿಗೆ 100 ಕಿಲೋ ಸಾರಜನಕ. ಎಕರೆಗೆ 40 ಕಿಲೋ. ಯೂರಿಯಾದಲ್ಲಿ ಸಾರಜನಕ ಶೇ 46ರಷ್ಟು ಇರುವುದರಿಂದ 45 ಕಿಲೋದ ಎರಡು ಚೀಲಕ್ಕೆ ಈ ಲೆಕ್ಕ ಮುಗಿಯುತ್ತದೆ. ಸಾಧಾರಣ ಕೊಟ್ಟಿಗೆ ಗೊಬ್ಬರದಲ್ಲಿ ಅದು ಶೇ ಅರ್ಧದಷ್ಟು. ಅಂದರೆ ಅಷ್ಟೇ ಸಾರಜನಕಕ್ಕೆ 8 ಟನ್ ಬೇಕು, ಅದರಲ್ಲೂ ಒಂದು ಭಾಗ ಮಾತ್ರ ಮೊದಲ ಬೆಳೆಗೆ ಒದಗುತ್ತದೆ. ಒಂದು ಸೀಮೆಹಸು ಕಟ್ಟಿರುವ ಮನೆಯಲ್ಲಿ ವರ್ಷಕ್ಕೆ ಚೆನ್ನಾಗಿ ಕಳಿತ ಗೊಬ್ಬರ ಎರಡು ಟನ್ ಆದರೆ ಹೆಚ್ಚು. ಹಿಂದೆ ಹಳ್ಳಿಕಾರ್ ಎತ್ತುಗಳ ಜೋಡಿ, ಎಮ್ಮೆ, ಬೇಸಿಗೆಯಲ್ಲಿ ಗದ್ದೆಯಲ್ಲಿ ಮಂದೆ ನಿಲ್ಲಿಸುತ್ತಿದ್ದ ಬಂಡೂರು ಕುರಿಗಳು ಎಲ್ಲ ಸೇರಿ ತುಂಬುತ್ತಿದ್ದ ತಿಪ್ಪೆಯನ್ನು ಈಗ ಒಂದು ಹಸು ತುಂಬಲಾರದು. ಹತ್ತು ಕಿಲೋ ಸಗಣಿ, ಗಂಜಲ, ಎರಡು ಕಿಲೋ ಬೆಲ್ಲ, ಎರಡು ಕಿಲೋ ಬೇಳೆಹಿಟ್ಟನ್ನು 200 ಲೀಟರ್ ನೀರಿಗೆ ಬೆರೆಸಿದ ಜೀವಾಮೃತದಲ್ಲಿ ಒಟ್ಟು ಸಾರಜನಕ ಒಂದು ಕಿಲೋವನ್ನೂ ಮುಟ್ಟುವುದಿಲ್ಲ. ಅದು ಗೊಬ್ಬರವಲ್ಲ, ಮಣ್ಣಿಗೆ ಹಾಕುವ ಹೆಪ್ಪು ಎಂದು ಆ ಪದ್ಧತಿಯನ್ನು ಹೇಳಿಕೊಟ್ಟವರೇ ಹೇಳುತ್ತಾರೆ. ಹೆಪ್ಪು ಹಾಕಲು ಮೊದಲು ಹಾಲಿರಬೇಕು. ಕಸಕಡ್ಡಿ, ಹಸಿರೆಲೆ, ತರಗು ಇಲ್ಲದ ಬೋಳು ಮಣ್ಣಿಗೆ ಹೆಪ್ಪು ಹಾಕಿದರೆ ಏನು ಹೆಪ್ಪುಗಟ್ಟುತ್ತದೆ ಎಂಬುದನ್ನು ವಿಜ್ಞಾನಿಗಳು ನಮ್ಮ ಮಣ್ಣಿನಲ್ಲೇ ಅಳೆದು, ಬಂದ ಫಲವನ್ನು ಬಂದ ಹಾಗೆಯೇ ಹೇಳಬೇಕು.

ಆ ಹಾಲು ನಮ್ಮಲ್ಲಿ ಇಲ್ಲವೆಂದೇನೂ ಅಲ್ಲ. ಹಸಿರೆಲೆ ಗೊಬ್ಬರದ ಗಿಡಗಳಾದ ಡಯಾಂಚ ಅಥವಾ ಸೆಣಬನ್ನು ಬಿತ್ತಿ 45 ದಿನಕ್ಕೆ ಹೂಬಿಡುವ ಹೊತ್ತಿಗೆ ಮಣ್ಣಿಗೆ ಸೇರಿಸಿದರೆ ಭತ್ತದ ಬೇಡಿಕೆಯಲ್ಲಿ ದೊಡ್ಡ ಪಾಲು ಅಲ್ಲಿಯೇ ತೀರುತ್ತದೆ. ಆದರೆ ನಾಲೆಗೆ ನೀರು ಬಿಡುವುದು ಜುಲೈ, ಆಗಸ್ಟ್ ಹೊತ್ತಿಗೆ. ಬಿಟ್ಟ ಕೂಡಲೇ ಒಟ್ಲು, ಅಂದರೆ ಸಸಿಮಡಿ, ಬಿಡುವ ತರಾತುರಿ. ಹಾಗಾಗಿ ಹಸಿರೆಲೆ ಗೊಬ್ಬರದ ಬೆಳೆ ಮಳೆಯ ಮೇಲೆಯೇ ಬರಬೇಕು, ಅಂದರೆ ಭರಣಿ, ಕೃತ್ತಿಕೆಯ ಹದಕ್ಕೇ ಬೀಜ ನೆಲಕ್ಕೆ ಬೀಳಬೇಕು. ನಮ್ಮ ಭಾಗದ ವಿತರಣಾ ಕೇಂದ್ರಕ್ಕೆ ಸಹಾಯಧನದ ಡಯಾಂಚ ಬೀಜ ಬಂದದ್ದು ಕಳೆದ ಎರಡು ವರ್ಷವೂ ಆರಿದ್ರಾ ಮಳೆ ಹುಟ್ಟಿದ ಮೇಲೆ. ಬೀಜ ಅಗ್ಗವಾಗಿದ್ದರೂ ಅದನ್ನು ಹಾಕಲು ಗದ್ದೆಯಲ್ಲಿ ದಿನಗಳೇ ಉಳಿದಿರಲಿಲ್ಲ. ಹೋಬಳಿ ಹೋಬಳಿಗೂ ರೈತ ಸಂಪರ್ಕ ಕೇಂದ್ರವಿರುವ ನಮ್ಮ ರಾಜ್ಯದಲ್ಲಿ ಇಷ್ಟನ್ನು ಸರಿಪಡಿಸಲು ಹೊಸ ಯೋಜನೆಯಾಗಲೀ ಹೆಚ್ಚಿನ ಹಣವಾಗಲೀ ಬೇಕಿಲ್ಲ, ಬೀಜದ ಲಾರಿ ಎರಡು ತಿಂಗಳು ಮುಂಚೆ ಹೊರಟರೆ ಸಾಕು. ಕಬ್ಬಿನ ತರಗಿನದೂ ಇದೇ ಪಾಡು. ಸಾಲಿನ ನಡುವೆ ಹರಡಿದರೆ ಕೂಳೆಗೆ ತೇವವೂ ಗೊಬ್ಬರವೂ ಆಗುವ ತರಗನ್ನು, ಹರಡುವ ಕೂಲಿಗೆ ಅಂಜಿ ಕಟಾವಾದ ವಾರದಲ್ಲಿ ಬೆಂಕಿಗೆ ಕೊಡುತ್ತೇವೆ. ನಾನೂ ಕೊಟ್ಟಿದ್ದೇನೆ.

ಈಗ ಬೀಜದ ಮಾತು. ಮಂಡ್ಯಕ್ಕೆ ಸಂಶೋಧನೆ ಹೊಸದಲ್ಲ. ಭಾರತದ ಹೊಂದಿಕೆಯ ರಾಗಿಯನ್ನೂ ಆಫ್ರಿಕಾದ ದಪ್ಪ ತೆನೆಯ ರಾಗಿಯನ್ನೂ ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟ ಡಾ. ಲಕ್ಷ್ಮಣಯ್ಯನವರು ಕೆಲಸ ಮಾಡಿದ್ದು ಇಲ್ಲಿನ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಲ್ಲಿ, ಕೆಆರ್‌ಎಚ್-2ರಂತಹ ಭತ್ತದ ಹೈಬ್ರಿಡ್ ಹೊರಬಂದದ್ದೂ ಅಲ್ಲಿಂದಲೇ. ಮೈಸೂರಿನ ಪಕ್ಕದ ನಾಗನಹಳ್ಳಿಯಲ್ಲಿ ಸಾವಯವ ಕೃಷಿಗೆಂದೇ ಸಂಶೋಧನಾ ಕೇಂದ್ರವಿದೆ. ಲಕ್ಷ್ಮಣಯ್ಯನವರ ಕೆಲಸ ತೋರಿಸಿಕೊಟ್ಟದ್ದೇನೆಂದರೆ, ಕೂಡಿಸಲು ಹಳೆಯ ತಳಿ ಕೈಯಲ್ಲಿದ್ದರೆ ಮಾತ್ರ ಹೊಸದು ಹುಟ್ಟುತ್ತದೆ. ಹಾಗೆಂದು ಹಳೆಯ ತಳಿಯನ್ನು ಶೀತಲ ಕೋಣೆಯಲ್ಲಿ ಇಟ್ಟ ಮಾತ್ರಕ್ಕೆ ನಮ್ಮ ಪಾಲಿಗೆ ಅದು ಉಳಿದಂತಾಗುವುದಿಲ್ಲ. ಮನೆಯ ಪಣತದಲ್ಲೋ ಚೀಲದಲ್ಲೋ ಇಟ್ಟ ಭತ್ತದ ಮೊಳಕೆಯ ಶಕ್ತಿ ಒಂದೆರಡು ವರ್ಷದಲ್ಲೇ ಕುಂದುವುದರಿಂದ, ರೈತರ ನಡುವೆ ಒಂದು ತಳಿ ಬದುಕಿರಬೇಕಾದರೆ ಅದನ್ನು ಮತ್ತೆ ಮತ್ತೆ ಬಿತ್ತಲೇಬೇಕು. ಮಳವಳ್ಳಿ ತಾಲ್ಲೂಕಿನ ಕಿರುಗಾವಲಿನಲ್ಲಿ ಸೈಯದ್ ಘನಿ ಖಾನ್ ಅವರು ನೂರಾರು ಭತ್ತದ ತಳಿಗಳನ್ನು, ಜೊತೆಗೆ ತಮ್ಮ ಹಿರಿಯರ ತೋಟದ ಹಳೆಯ ಮಾವಿನ ಬಗೆಗಳನ್ನು ಹೀಗೆಯೇ ಉಳಿಸಿಕೊಂಡು ಬಂದಿದ್ದಾರೆ. ಇಡೀ ಜಿಲ್ಲೆ ಹೊರಬೇಕಾದ ಈ ಕೆಲಸ ಒಂದು ಮನೆತನದ ಹೆಗಲ ಮೇಲೆ ನಿಂತಿರುವುದನ್ನು ಕಂಡು ನನಗೆ ಹೆಮ್ಮೆಗಿಂತ ಆತಂಕವೇ ಹೆಚ್ಚಾಗುತ್ತದೆ.

ಮೇಳದಲ್ಲಿ ನಾನು ಐದು ಕಿಲೋ ಕೇಳಿದ್ದು ಆಸೆಯ ಮಾತಾಯಿತು. ಐವತ್ತು ಗ್ರಾಂ ಕೊಟ್ಟಿದ್ದರೂ ಸಾಕಿತ್ತು. ಸಾವಿರ ಭತ್ತದ ಕಾಳು ಸುಮಾರು 25 ಗ್ರಾಂ ತೂಗುತ್ತದೆ. ಐವತ್ತು ಗ್ರಾಂನಲ್ಲಿ ಎರಡು ಸಾವಿರ ಕಾಳು. ಗೇಣಿಗಿಂತ ತುಸು ಹೆಚ್ಚು, ಅಂದರೆ 25 ಸೆಂಟಿಮೀಟರ್ ಅಂತರದಲ್ಲಿ ಗುಣಿಗೆ ಒಂದೇ ಪೈರು ನೆಟ್ಟರೆ ಚದರ ಮೀಟರಿಗೆ 16 ಪೈರು. ಕೆಲವು ಸತ್ತರೂ ಒಂದು ಗುಂಟೆ ನಾಟಿಯಾಗುತ್ತದೆ. ಒಂದು ಗುಂಟೆಗೆ ಮೂವತ್ತು ಕಿಲೋ ಬಂದರೆ ಮುಂದಿನ ಹಂಗಾಮಿಗೆ ಒಂದು ಎಕರೆಗೆ ಬೇಕಾದಷ್ಟು ಬೀಜ ಆಯಿತು, ಅದರ ಮುಂದಿನ ಹಂಗಾಮಿಗೆ ಇಡೀ ತೂಬಿನ ಬಯಲಿಗೆ. ಭತ್ತ ಸ್ವಕೀಯ ಪರಾಗಸ್ಪರ್ಶದ ಬೆಳೆಯಾದ್ದರಿಂದ ತಳಿಯ ನಡುವೆ ಮೂರು ಮೀಟರ್ ಬಿಟ್ಟರೆ ಬೆರಕೆಯ ಭಯ ಬಹಳವಿಲ್ಲ. ಬೆರಕೆಯಾಗುವುದು ಹೂವಿನಲ್ಲಿ ಅಲ್ಲ, ಕಣದಲ್ಲಿ ಮತ್ತು ಚೀಲದಲ್ಲಿ. ಈಗಂತೂ ಊರೂರು ತಿರುಗುವ ಕಟಾವು ಯಂತ್ರದ ಹೊಟ್ಟೆಯಲ್ಲಿ ಹಿಂದಿನ ಊರಿನ ಭತ್ತ ಉಳಿದುಕೊಂಡೇ ನಮ್ಮ ಗದ್ದೆಗೆ ಇಳಿಯುತ್ತದೆ. ಬೀಜದ ಗುಂಟೆಯನ್ನು ಕುಡುಗೋಲಿನಲ್ಲೇ ಕೊಯ್ದು, ತೆನೆ ಬಂದಾಗ ಒಂದು ಸಲ, ಬಲಿತಾಗ ಒಂದು ಸಲ ಬೆರಕೆ ತೆನೆ ಕಿತ್ತು, ಬೇರೆಯೇ ಬಡಿದು ಒಣಗಿಸಿಟ್ಟರೆ ಯಾವ ರೈತನಾದರೂ ಇದನ್ನು ಮಾಡಬಲ್ಲ. ಇಷ್ಟನ್ನು ಎರಡು ಪುಟದಲ್ಲಿ ಅಚ್ಚು ಹಾಕಿ, ಆ ಪುಟದ ಜೊತೆ ಐವತ್ತು ಗ್ರಾಂ ಬೀಜದ ಪೊಟ್ಟಣವನ್ನೂ ಕೊಟ್ಟಿದ್ದರೆ, ನನ್ನ ಮನೆಯ ಆರು ಕರಪತ್ರಗಳಿಗಿಂತ ಆ ಏಳನೆಯದಕ್ಕೆ ಬೆಲೆ ಬರುತ್ತಿತ್ತು.

ಬೀಜ ಹಂಚಿಕೊಳ್ಳುವುದಕ್ಕೆ ಕಾನೂನಿನ ತೊಡಕಿದೆ ಎಂದು ಹೆದರುವವರೂ ಇದ್ದಾರೆ. ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಅಧಿನಿಯಮ, 2001 ರೈತನಿಗೆ ತಾನು ಬೆಳೆದ ಬೀಜವನ್ನು ಉಳಿಸಿಕೊಳ್ಳುವ, ಬಿತ್ತುವ, ವಿನಿಮಯ ಮಾಡುವ, ಹಂಚುವ ಹಕ್ಕನ್ನು ಕೊಟ್ಟಿದೆ. ಸಂರಕ್ಷಿತ ತಳಿಯ ಬೀಜಕ್ಕೆ ಬ್ರ್ಯಾಂಡಿನ ಹೆಸರು ಹಾಕಿ ಮಾರುವುದನ್ನು ಮಾತ್ರ ತಡೆದಿದೆ. ರೈತರ ತಳಿಯನ್ನು ನೋಂದಾಯಿಸುವ ಅವಕಾಶವೂ ಅದರಲ್ಲಿದೆ. ನೋಂದಣಿಯ ಅರ್ಜಿ ತುಂಬಿಸಿಕೊಡುವ ಕೆಲಸವನ್ನು ಕೃಷಿ ವಿಜ್ಞಾನ ಕೇಂದ್ರಗಳು ಮೇಳದ ಮಳಿಗೆಯಲ್ಲಿಯೇ ಇಟ್ಟುಕೊಳ್ಳಬಹುದು.

ಮಾರುಕಟ್ಟೆಯ ಬಗ್ಗೆ ಬರೆಯಲು ಕೂತರೆ ಇನ್ನೊಂದು ಪತ್ರವೇ ಬೇಕು. ಒಂದು ಮಾತು ಮಾತ್ರ ಹೇಳಿ ಬಿಡುತ್ತೇನೆ. ನಮ್ಮ ಆಲೆಮನೆಗಳಲ್ಲಿ ಬೆಂಡೆ ಗಿಡದ ಲೋಳೆ ಹಾಕಿ ಕೊಳೆ ತೆಗೆದ, ಬಣ್ಣ ತಿಳಿಯಾಗಿಸುವ ಹೈಡ್ರೋಸ್ ಎಂಬ ರಾಸಾಯನಿಕ ಸೋಕದ ಬೆಲ್ಲ ಕಂದು ಬಣ್ಣದ್ದಾಗಿರುತ್ತದೆ. ಪೇಟೆಯವರು ಹಳದಿ ಬೆಲ್ಲಕ್ಕೆ ಹೆಚ್ಚು ಬೆಲೆ ಕೊಡುತ್ತಾ ರಾಸಾಯನಿಕ ಬೇಡ ಎನ್ನುತ್ತಿರುವಷ್ಟು ಕಾಲ, ರೈತನಿಗೊಬ್ಬನಿಗೇ ತರಬೇತಿ ಕೊಟ್ಟು ಉಪಯೋಗವಿಲ್ಲ. ಅಂತಹ ಒಂದು ಶಿಬಿರ ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲೂ ನಡೆಯಲಿ.

ಕೃಷಿ ವಿಶ್ವವಿದ್ಯಾಲಯದವರೂ ಕೃಷಿ ಇಲಾಖೆಯವರೂ ಮುಂದಿನ ಮುಂಗಾರಿಗೆ ಮೊದಲು ಒಂದು ತೂಬನ್ನು ಆರಿಸಿಕೊಳ್ಳಲಿ ಎಂದು ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ. ಕೆಲವು ತಾಕಿಗೆ ಪೂರಾ ಸಾವಯವ, ಕೆಲವಕ್ಕೆ ಶಿಫಾರಸಿನ ರಸಗೊಬ್ಬರ, ಕೆಲವಕ್ಕೆ ಎರಡೂ ಇರಲಿ. ಇಳುವರಿ, ಕೂಲಿ, ನೀರಿನ ಕಟ್ಟು, ಮಣ್ಣಿನ ಸಾವಯವ ಇಂಗಾಲ, ಮಾರಿದ ಬೆಲೆ ಎಲ್ಲವನ್ನೂ ಬರೆಯಲಿ, ಪೈರು ಮಲಗಿದ್ದನ್ನೂ ಬರೆಯಲಿ. ಮೊದಲ ಮೂರು ವರ್ಷದ ಇಳುವರಿ ಕೊರತೆಯನ್ನು ಆ ತೂಬಿನ ರೈತರಿಗೆ ಪ್ರಯೋಗದ ಖರ್ಚಿನಲ್ಲೇ ಕಟ್ಟಿಕೊಡಲಿ, ಏಕೆಂದರೆ ಅವರು ಫಲಾನುಭವಿಗಳಲ್ಲ, ಸಂಶೋಧನೆಯ ಪಾಲುದಾರರು. ನಮ್ಮ ತೂಬಿನ ಕೆಳಗೆ ಹನ್ನೊಂದು ಜನ ರೈತರಿದ್ದೇವೆ. ಅವರಲ್ಲಿ ಏಳು ಜನರನ್ನು ನಾನು ಕೇಳಿದ್ದೇನೆ. ಕೊರತೆ ತುಂಬಿಕೊಡುವುದಾದರೆ ತಲಾ ಹತ್ತು ಗುಂಟೆ ಬಿಡಲು ನಾಲ್ವರು ಒಪ್ಪಿದ್ದಾರೆ, ಇಬ್ಬರು ಯೋಚಿಸಿ ಹೇಳುತ್ತೇವೆ ಎಂದಿದ್ದಾರೆ, ಒಬ್ಬರು ನಕ್ಕರು. ನನ್ನ ಒಂದು ಎಕರೆಯನ್ನೂ ಎಂಟು ವರ್ಷದ ನನ್ನ ಲೆಕ್ಕದ ಪುಸ್ತಕವನ್ನೂ ಯಾರು ಬಂದರೂ ಕೊಡಲು ಸಿದ್ಧನಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ನಾಲೆಯ ಕೊನೆ ಭಾಗದ ರೈತ
ಮದ್ದೂರು ತಾಲ್ಲೂಕು, ಮಂಡ್ಯ ಜಿಲ್ಲೆ